ಹಗೇವಿನಲ್ಲಿ ಹನ್ನೊಂದು ಗಂಟೆ

ಹೊನ್ನಾಳಿ
೧೨-೯-೧೯೪೨

ಪೂಜ್ಯ ಮಾವನವರಾದ ಬೆನಕಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಮಗಳು, ನನ್ನ ಹಳೇ ಗಡಿಯಾರಗಳ ಹುಚ್ಚು, ಎರಡೂ ಕ್ಷೇಮ. ಈ ಬೆಳಗ್ಗೆ ಪೊಲೀಸ್ ದಫೇದಾರರು ಬಂದು, ಗೋಡೆಯ ಮೇಲಿನ ದಿಲ್ಲಿ ದರ್ಬಾರಿನ ಚಿತ್ರದ ಗಡಿಯಾರವನ್ನು ಮೆಚ್ಚಿಕೊಂಡರು. ನೀವು ಕೊಟ್ಟ ಚರಕದ ಚಿತ್ರದ, ‘ಸ್ವರಾಜ್ಯ’ ಎಂದು ಬರೆದ ಗಡಿಯಾರವನ್ನು ಸೋಮವಾರವೇ ಪಡಸಾಲೆಯ ನೆಲದಡಿಯ ಜೋಳದ ಹಗೇವಿಗೆ ಇಳಿಸಿ ಮುಚ್ಚಿದ್ದೆ, ನಿಲ್ಲಿಸಲು ಮರೆತಿದ್ದೆ. ಕಾಲ ಕೆಟ್ಟಿದೆ, ಗಡಿಯಾರ ಮಾತ್ರ ಕೆಟ್ಟಿಲ್ಲ. ಅವರ ಕಾಲಡಿಯಲ್ಲೇ ಹನ್ನೊಂದು ಹೊಡೆಯಿತು.

"ಇದೇನ್ರೀ, ನಿಮ್ಮ ನೆಲ ಗಂಟೆ ಹೊಡೀತೈತೆ! ನಾಳೆ ಅಗಿಯಾಕೆ ಆಳು ತರ್ತೀನಿ," ಎಂದು ನಕ್ಕು ಹೋದರು.

ಹಗೇವಿನ ಬಾಯಿ ತೆರೆದಿದ್ದೇನೆ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಇಳಿದವನು ಬದುಕಲಾರ, ಅದು ನಾಳೆಯೊಳಗೆ ಹೋಗುವಂತಿಲ್ಲ. ಗಡಿಯಾರದ ಬೆನ್ನ ಮೇಲೆ ನಿಮ್ಮ ಹೆಸರು, ಊರು ಕೆತ್ತಿಸಿದ್ದೀರಿ. ನಂಬಿಕಸ್ಥನ ಕೈಲಿ ಕಳಿಸಿದ ಈ ಪತ್ರ ಸಿಕ್ಕ ಕೂಡಲೇ, ದಯವಿಟ್ಟು ಇವತ್ತೇ ಚನ್ನಗಿರಿ ಬಿಟ್ಟು ಜಗಳೂರಿನ ನಿಮ್ಮ ತಂಗಿಯ ಮನೆಗೆ ಹೊರಡಿರಿ. ಈ ಪತ್ರವನ್ನು ಒಲೆಗೆ ಹಾಕಿರಿ.

ನಿಮ್ಮ ಮಗಳಿಗೆ ಹೇಳಿಲ್ಲ. ನಾನು ಊಟ ಬಿಟ್ಟು ಎದ್ದದ್ದನ್ನು ಕಂಡು, ಜ್ವರವೆಂದು ಕಷಾಯ ಕಾಸುತ್ತಿದ್ದಾಳೆ.

ಇತಿ ನಿಮ್ಮ ಅಳಿಯ,
ಮುರುಗೇಶಪ್ಪ