ಗುಲಾಬಿ ನೀರಿನ ಭಟ್ಟಿ

ಕೊಂಢವಾ, ಪುಣೆ
೯ ಡಿಸೆಂಬರ್ ೨೦೨೪

ಅಪ್ಪಾ,

ಮೊದಲಿಗೆ ‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಮಂಡಿನೋವು ಹೇಗಿದೆ? ತುಂಬಿದ ಹಂಡೆ ಒದ್ದು ಕೆಡವುವಷ್ಟು ಕಸುವು ಕಾಲಿನಲ್ಲಿದ್ದ ಮೇಲೆ ಕೇಳುವುದೇನು ಬಂತು! ಫೋನ್ ಮಾಡಿದರೆ ಅರ್ಧಕ್ಕೇ ಇಡುತ್ತೀರಿ, ಅದಕ್ಕೇ ಈ ಕಾಗದ. ತಮ್ಮನ ಕೈಲಿ ಓದಿಸಿ ಕೇಳಿ, ಅವ್ವನೂ ಕೇಳಲಿ.

ಮೊನ್ನೆ ಇಲ್ಲಿಗೆ ಬಂದಾಗ ನೀವು ಒದ್ದದ್ದು ಏನೆಂದು ಈಗಲಾದರೂ ತಿಳಿದುಕೊಳ್ಳಿ. ತಾಮ್ರದ ಹಂಡೆ, ಅದರ ಮೇಲೆ ಬೋರಲು ಮುಚ್ಚಳ, ಮುಚ್ಚಳಕ್ಕೊಂದು ಸೊಂಡಿಲಿನಂಥ ಕೊಳವೆ. ಅದಕ್ಕೆ ಅಲೆಂಬಿಕ್ ಎನ್ನುತ್ತಾರಂತೆ. ಸಾವಿರ ವರ್ಷಗಳಾಚೆ ಜಾಬಿರ್‌ನಂಥ ಮುಸ್ಲಿಂ ಪಂಡಿತರು ಇಂಥ ಸಾಧನಗಳನ್ನು ತಿದ್ದಿ ತೀಡಿ, ಆವಿ ಹಿಡಿದು ಸತ್ವ ಇಳಿಸುವುದನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದರು. ನಿಮ್ಮ ಮೊಮ್ಮಗಳು ತನುಶ್ರೀ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅದನ್ನೇ ಹೂಡಿ ಗುಲಾಬಿ ನೀರು ಇಳಿಸುತ್ತಿದ್ದಳು. ಆವಿ ಸೋರಬಾರದೆಂದು ಸಂದಿಗೆ ಕಣಕ ಮೆತ್ತಿದ್ದಳು. ನಿಮಗೆ ಕಂಡದ್ದು ಆ ಕಣಕವೊಂದೇ. ನಮ್ಮೂರ ಕಳ್ಳಭಟ್ಟಿಯವರೂ ಹಾಗೇ ಮೆತ್ತುತ್ತಿದ್ದರು, ಗೊತ್ತು. ಆ ಸಾರಾಯಿ ಕುಡಿದೇ ಅಣ್ಣ ಮಹೇಶಕುಮಾರ ಸತ್ತದ್ದನ್ನು ನಾನೂ ಮರೆತಿಲ್ಲ. ನೀವು ಅವನ ಅಪ್ಪನಾದರೆ ನಾನು ತಂಗಿಯಲ್ಲವೇ? ಆದರೆ ಮನೆ ತುಂಬ ಗುಲಾಬಿ ಘಮಗುಡುತ್ತಿರುವಾಗ ನಿಮ್ಮ ಮೂಗು ಎಲ್ಲಿ ಹೋಗಿತ್ತು? "ಏನವ್ವಾ ಇದು?" ಎಂದು ಒಂದು ಮಾತು ಕೇಳಬಾರದಿತ್ತೇ?

ಒದ್ದಿರಿ, ಹೋಗಲಿ. ನೆಗ್ಗಿದ ತಾಮ್ರವನ್ನು ಬಡಿದು ನೆಟ್ಟಗೆ ಮಾಡಬಹುದು. ಹುಡುಗಿಯ ಪಾದಕ್ಕೆ ಕುದಿನೀರು ಸಿಡಿಯಿತು, ಅದೂ ಮಾಯುತ್ತದೆ. ಗ್ಯಾಲರಿಗೆ ಹೋಗಿ "ನೋಡ್ರಿ, ನನ್ನ ಮಗಳ ಮನ್ಯಾಗ ದಾರು ಕಾಸಾಕತ್ತಾರ!" ಎಂದು ಚಾಳಿನ ಅಷ್ಟೂ ಮನೆಗಳಿಗೆ ಕೇಳುವಂತೆ ಕೂಗಿದಿರಲ್ಲ, ಅದನ್ನು ಯಾರು ನೆಟ್ಟಗೆ ಮಾಡಬೇಕು? ಮಾತು ಶಾಲೆಯವರೆಗೂ ಹೋಯಿತು. ಹೆಡ್‌ಮಾಸ್ತರರು ಪ್ರದರ್ಶನದಿಂದ ಅವಳ ಹೆಸರು ತೆಗೆದರು. ನಾನು ಹೋಗಿ ಎಷ್ಟು ಗೋಗರೆದರೂ "ಆಜೋಬಾಚ ಸಾಂಗತಾಯತ ನಾ" ಎಂದರು. ಮನೆಯ ಅಜ್ಜನೇ ಹೇಳಿದ ಮೇಲೆ ತಾಯಿಯ ಮಾತಿಗೆ ಯಾವ ಬೆಲೆ! ಹುಡುಗಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನೀವು ಮಾತ್ರ ಮರುದಿನವೇ ಚೀಲ ಹಿಡಿದು ಶಿರೂರಿನ ಬಸ್ಸು ಹತ್ತಿದಿರಿ.

ಅವ್ವನಿಗೆ ನಮಸ್ಕಾರ. ನಿಮಗೆ ಈ ಸಲ ಇಲ್ಲ.

ನಿಮ್ಮ ಮಗಳು,
ಶಿವಕಾಂತಾ

ತಾ.ಕ.: ಪ್ರದರ್ಶನ ಹದಿನೇಳಕ್ಕೆ. ಹಿಂದಿನ ದಿನವೇ ಬಂದು, ಹೆಡ್‌ಮಾಸ್ತರರ ಎದುರು ತನುಶ್ರೀಯ ಪಕ್ಕ ನಿಂತು, "ಅದು ದಾರು ಅಲ್ರಿ, ತಪ್ಪು ನಂದ" ಎಂದು ಚಾಳಿನಲ್ಲಿ ಕೂಗಿದ ದನಿಯಲ್ಲೇ ಹೇಳಬೇಕು. ಬರದಿದ್ದರೆ ನನ್ನ ಮಣ್ಣಿಗೂ ಬರಬೇಡಿ.