ಬಸವನಹುಳು ಇಲ್ಲದ ಹಳ್ಳ

ಹುಮನಾಬಾದ್
17 ನವೆಂಬರ್ 2024, ರವಿವಾರ

ಪ್ರೀತಿಯ ಮನೆಯವರಿಗೆ ನಿಮ್ಮ ವಿಶಾಖಾಳ ಜೈಭೀಮ್.

ಬೆನ್ನುನೋವು ಈಗ ಹೇಗಿದೆ? ಸೀಟಿನ ಕೆಳಗೆ ಇಟ್ಟು ಕಳಿಸಿದ ಎಣ್ಣೆಯ ಬಾಟಲಿಯ ಮುಚ್ಚಳವನ್ನೂ ನೀವು ತೆಗೆದಿರಲಿಕ್ಕಿಲ್ಲ, ನನಗೆ ಗೊತ್ತು. ಗುಜರಾತಿನಲ್ಲಿ ಬೇಳೆಗೂ ಬೆಲ್ಲ ಹಾಕುತ್ತಾರೆಂದು ಗೊಣಗುತ್ತಿದ್ದಿರಿ, ಅದಕ್ಕೇ ಬಕ್ಕಪ್ಪ ಅಣ್ಣನ ಕೈಯಲ್ಲಿ ಶೇಂಗಾ ಹಿಂಡಿ ಮತ್ತು ಕಟಕ ರೊಟ್ಟಿ ಕಳಿಸಿದ್ದೇನೆ. ಅವರ ಟ್ಯಾಂಕರ್ ಇವತ್ತು ಹೊರಟು ನಿಮ್ಮ ಟ್ಯಾಂಕರ್ ನಿಂತಿರುವ ಕಡೆಗೇ ಬರುತ್ತದಂತೆ. ರೊಟ್ಟಿಯನ್ನು ಎಲ್ಲರಿಗೂ ಹಂಚಿ ಕೊನೆಗೆ ಹಸಿದು ಕೂಡಬೇಡಿ. ಅತ್ತೆಯ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ, ಬಾಯಿ ಮಾತ್ರ ಎಂದಿನಂತೆ ನಡೆಯುತ್ತಿದೆ. ಈ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ, ಪಕ್ಕದಲ್ಲಿ ಕ್ಲೀನರ್ ಕೂತು ಕೇಳುತ್ತಾನೆ. ಮೊನ್ನೆ ನಾನು ಕರೀಮಾ ಆಪಾ ಅವರ ಮೀನು ಸತ್ತವೆಂದು ಹೇಳಿದಾಗ ಇಬ್ಬರೂ ನಕ್ಕಿರಿ. ನೀವು ಒಬ್ಬರೇ ಕೂತು ಓದಬೇಕೆಂದು ಬರೆಯುತ್ತಿದ್ದೇನೆ.

ಕಲ್ಯಾಣದಲ್ಲಿ ಮೀನು ಸಾಕುವ ಗಾಜಿನ ಪೆಟ್ಟಿಗೆ ಮಾರುವ ಕರೀಮಾ ಆಪಾ ಅವರಿಗೆ ನಾನು ನೀರಿನ ಗಿಡ ತಂದುಕೊಡುವುದು ನಿಮಗೆ ತಿಳಿದದ್ದೇ. ಆದರೆ ಅವನ್ನು ಹೇಗೆ ಶುದ್ಧ ಮಾಡುತ್ತೇನೆ ಎಂದು ಹೇಳಲು ಶುರು ಮಾಡಿದಾಗಲೆಲ್ಲ ನೀವು ಗೊರಕೆ ಹೊಡೆದಿದ್ದೀರಿ, ಆದ್ದರಿಂದ ಈಗ ಓದಿ. ಮೊದಲ ಸಲ ಕಲ್ಯಾಣದ ಕೆರೆಯಿಂದ ಕಿತ್ತದ್ದನ್ನು ಹಾಗೆಯೇ ಒಯ್ದು ಕೊಟ್ಟಿದ್ದೆ. ಎಲೆಯ ಬೆನ್ನಿಗೆ ಬೆಂದ ಸಾಬುದಾಣಿಯ ಹಾಗೆ ಅಂಟಿಕೊಂಡಿದ್ದು ಬಸವನಹುಳುವಿನ ಮೊಟ್ಟೆ ಎಂದು ನನಗೇನು ಗೊತ್ತು. ಯಾರದೋ ಮನೆಯ ಪೆಟ್ಟಿಗೆಯ ಗಾಜಿನ ತುಂಬ ಹುಳು ಹರಿದಾಡಿ, ಅವರು ಬಂದು ಆಪಾಗೆ ಬೈದರು, ಆಪಾ ನನಗೆ ಬೈದರು. ಬೈದಾದ ಮೇಲೆ ಕೂಡಿಸಿಕೊಂಡು ಕಲಿಸಿದರು. ಕೊಳೆತ ಎಲೆ ತೆಗೆಯಬೇಕು, ಬೇರನ್ನು ಹರಿಯುವ ನೀರಿನಲ್ಲಿ ಜಾಲಿಸಬೇಕು, ಹಜಾಮರು ಗಡ್ಡಕ್ಕೆ ತಿಕ್ಕುವ ತುರಟಿ ಕರಗಿಸಿದ ನೀರಿನಲ್ಲಿ ನೆನೆಯಿಡಬೇಕು. ಆಮೇಲೆ ಬಾವಿಗೆ ಹಾಕುವ ಕೆಂಪು ಔಷಧಿಯ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಬೇಕು, ಬಣ್ಣ ಗಾಢವಾದರೆ ಎಲೆಯೇ ಸುಟ್ಟುಹೋಗುತ್ತದೆ. ಕೊನೆಗೆ ಬೇರೆ ಟಬ್ಬಿನಲ್ಲಿ ಹಾಕಿ, ಜಿಗಣೆ, ಹುಳು ಏನಾದರೂ ಎದ್ದು ಬರುತ್ತದೆಯೇ ಎಂದು ಕಾಯಬೇಕು. ಒಮ್ಮೆ ಅತ್ತೆ, ಔಷಧಿ ನೀರು ಯಾಕೆ ಹಾಳಾಗಬೇಕೆಂದು ಅದರಲ್ಲೇ ಕಾಲು ತೊಳೆದುಕೊಂಡು, ಪಾದ ಕಂದು ಬಣ್ಣಕ್ಕೆ ತಿರುಗಿ, ಓಣಿಯ ತುಂಬ ಅದನ್ನು ತೋರಿಸುತ್ತ ನನ್ನ ಮಾನ ಕಳೆದರು.

ಹೋದ ತಿಂಗಳು ಧಮ್ಮಚಕ್ರದ ದಿನಕ್ಕೆ ನೀವು ಬಂದಾಗ ಚೀಲದಲ್ಲಿ ಒಂದು ಕಟ್ಟು ಗಿಡ ತಂದಿರಿ. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಇರುವ ಹಳ್ಳದಲ್ಲಿ ಮುಖ ತೊಳೆಯಲು ಇಳಿದಾಗ ಕಂಡಿತು ಎಂದಿರಿ. "ನೋಡು, ಒಂದ ಹುಳ ಇಲ್ಲ. ತುರಟಿನೂ ಬ್ಯಾಡ, ನಿನ್ನ ಕೆಂಪು ನೀರೂ ಬ್ಯಾಡ" ಎಂದು ನನ್ನ ಮುಂದೆ ಹಿಡಿದಿರಿ. ನಿಜ ಹೇಳುತ್ತೇನೆ, ನೀವು ಸೀರೆ ತಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ನನ್ನ ಕೆಲಸವೆಂದರೆ ಪಾಚಿ ವ್ಯಾಪಾರ ಎಂದು ಹಂಗಿಸುತ್ತಿದ್ದವರು ನನಗಾಗಿ ನೀರಿಗೆ ಇಳಿದು ಕಿತ್ತು ತಂದಿದ್ದೀರಲ್ಲ ಎಂದು. ನೀವು ಗುಜರಾತಿಗೆ ಹೋದ ಮೇಲೆ ಕೆರೆ ಬಿಟ್ಟು ಆ ಹಳ್ಳಕ್ಕೇ ಹೋಗತೊಡಗಿದೆ. ಎಲೆ ತಿರುವಿದರೆ ಮೊಟ್ಟೆಯಿಲ್ಲ, ಬುಡ ಅಲ್ಲಾಡಿಸಿದರೆ ಜಿಗಣೆಯಿಲ್ಲ. ಕೊಲ್ಲುವುದಕ್ಕೆ ಏನೂ ಇಲ್ಲದಿದ್ದಾಗ ನೆನೆಯಿಡುವುದೇಕೆ ಎಂದು ಟಬ್ಬುಗಳನ್ನು ಬೋರಲು ಹಾಕಿದೆ. ಬಾಡದಿರಲಿ ಎಂದು ಹಳ್ಳದ ನೀರಿನಲ್ಲೇ ಮುಳುಗಿಸಿ ಬಕೆಟ್ಟಿನಲ್ಲಿ ಬಸ್ಸಿಗೆ ಒಯ್ಯುತ್ತಿದ್ದೆ. ಕರೀಮಾ ಆಪಾ ಕೂಡ "ಇಷ್ಟು ಸಾಫ್ ಮಾಲ್ ಯಾರೂ ತಂದಿಲ್ಲ ಬೇಟಿ" ಎಂದು ಬೆನ್ನು ತಟ್ಟಿದ್ದರು.

ಹೋದ ವಾರ ಅವರು ಅಂಗಡಿಯ ಮುಂದಿನ ದೊಡ್ಡ ಪೆಟ್ಟಿಗೆಗೆ ನನ್ನ ಗಿಡವನ್ನೇ ಹಾಕಿಕೊಂಡರು. ಆ ಪೆಟ್ಟಿಗೆಯ ಮೀನುಗಳನ್ನು ಅವರು ಮಾರುವುದಿಲ್ಲ, ಮಕ್ಕಳ ಹಾಗೆ ಸಾಕಿದ್ದರು. ಮರುದಿನ ನನ್ನನ್ನು ಕರೆಸಿದರು. ಚಿಕ್ಕವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ದೊಡ್ಡವು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅವರು ನನಗೆ ಬೈಯಲಿಲ್ಲ. "ಎಲ್ಲಿಂದ ತಂದೀ ಇದನ್ನ, ಖರೇ ಹೇಳು" ಎಂದಷ್ಟೇ ಕೇಳಿದರು. ನಾನು ತೊಳೆಯದೆ ಕೊಟ್ಟೆ, ಅದಕ್ಕೇ ಹೀಗಾಯಿತು ಎಂದು ಅತ್ತುಬಿಟ್ಟೆ. ಮನೆಗೆ ಬಂದು ಉಳಿದ ಗಿಡವನ್ನು ತುರಟಿಯಲ್ಲಿ ನೆನೆಸಿ, ಕೆಂಪು ನೀರಿನಲ್ಲಿ ಅದ್ದಿ, ಮತ್ತೆ ಮತ್ತೆ ಜಾಲಿಸಿ ಒಂದು ಬೋಗುಣಿಗೆ ಹಾಕಿದೆ. ಕೆರೆಯ ಗಿಡವನ್ನೂ ಹಾಗೆಯೇ ಮಾಡಿ ಇನ್ನೊಂದಕ್ಕೆ ಹಾಕಿದೆ. ಎರಡಕ್ಕೂ ಕೆರೆಯ ಬಸವನಹುಳು ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೆರೆಯ ಗಿಡದ ಮೇಲೆ ಅವು ಆರಾಮಾಗಿ ತೆವಳುತ್ತಿದ್ದವು, ಹಳ್ಳದ ಗಿಡ ಇದ್ದ ಬೋಗುಣಿಯ ತಳದಲ್ಲಿ ಎಲ್ಲವೂ ಸತ್ತು ಬಿದ್ದಿದ್ದವು. ನನ್ನ ಔಷಧಿ ಜೀವ ಇದ್ದದ್ದನ್ನು ಕೊಲ್ಲುತ್ತದೆ, ಗಿಡದೊಳಗೆ ಇಳಿದ ವಿಷವನ್ನು ತೆಗೆಯುವುದಿಲ್ಲ. ಹಳ್ಳದಲ್ಲಿ ಹುಳು ಇಲ್ಲದ್ದಕ್ಕೆ ನಾವಿಬ್ಬರೂ ಹಿಗ್ಗಿದೆವು, ಯಾಕೆ ಇಲ್ಲ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಮರುದಿನ ಬರಿಗೈಯಲ್ಲಿ ಹಳ್ಳಕ್ಕೆ ಹೋಗಿ ಸುಮ್ಮನೆ ನೋಡುತ್ತ ನಿಂತೆ. ಕಪ್ಪೆಯಿಲ್ಲ, ನೀರಿನ ಮೇಲೆ ಓಡಾಡುವ ಹುಳುವಿಲ್ಲ, ಒಂದು ಕೊಕ್ಕರೆ ಕೂಡ ಇಲ್ಲ. ಅಷ್ಟರಲ್ಲಿ ಒಂದು ಟ್ಯಾಂಕರ್ ಹಿಂದೆ ಹಿಂದೆ ಸರಿದು ದಂಡೆಗೆ ಬಂತು. ಕ್ಲೀನರ್ ಕೆಳಗಿನ ವಾಲ್ವ್ ತೆರೆದು, ಪೈಪು ಹಿಡಿದು ಒಳಗೆಲ್ಲ ತೊಳೆದ. ಬಿಳಿ ನೊರೆ ಹಳ್ಳಕ್ಕೆ ಇಳಿಯಿತು, ನನ್ನ ಮೂಗು ಗಂಟಲು ಉರಿಯಿತು. ಏನು ತುಂಬಿಕೊಂಡು ಹೋಗಿದ್ದರೋ ಅವನಿಗೂ ಗೊತ್ತಿರಲಿಲ್ಲ. ಅವನು ಇನ್ನೊಂದು ಮಾತನ್ನೂ ಹೇಳಿದ, ಅದನ್ನು ಬರೆಯಲು ಕೈ ಬರುತ್ತಿಲ್ಲ. ಅಲ್ಲಿಂದ ದಂಡೆ ಹಿಡಿದು ಕೆಳಗೆ ನಡೆದೆ. ಕೆಳಗೆ ಯಾರ ಹೊಲವಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ತಂಗಿ ಆಮ್ರಪಾಲಿ ಬಾವಿಯಿಂದ ನೀರು ಸೇದುತ್ತಿದ್ದಳು. ಹೊಟ್ಟೆ ಈಗ ಎದ್ದು ಕಾಣುತ್ತಿದೆ, ಮುಖ ತುಂಬಿಕೊಂಡಿದೆ. ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟು, "ಮೊದಲ ಕೊಡದಾಗ ಹುಳ ಬರತಿದ್ವು ವೈನಿ, ಬಟ್ಟಿಲೆ ಸೋಸತಿದ್ದೆ. ಈ ವರ್ಷ ಹುಳ ಇಲ್ಲ, ಬಾವ್ಯಾಗ ಕಪ್ಪಿ ಸುದ್ದಾ ಇಲ್ಲ. ನೀರು ಅಷ್ಟು ಸಾಫ್ ಆಗ್ಯಾವ" ಎಂದಳು. ತಂಬಿಗೆಯನ್ನು ಹಾಗೆಯೇ ಕೆಳಗೆ ಇಟ್ಟೆ. ಅದನ್ನು ನೋಡಿ ಅವಳ ಮುಖ ಸಣ್ಣದಾಯಿತು.

ಈ ನೀರು ಕುಡಿಯಬೇಡ, ಹಳ್ಳದ ವಿಷ ಬಾವಿಗೆ ಬಸಿದಿದೆ ಎಂದು ಬಿಡಿಸಿ ಹೇಳಿದೆ. ಅವಳ ಅತ್ತೆ ಜಗುಲಿಯ ಮೇಲಿಂದಲೇ "ಪಾಚಿ ಮಾರಾಕಿ ಮಾತು ಕೇಳಿ ಬಾವಿ ಮುಚ್ಚೂನೇನು?" ಎಂದು ನಕ್ಕರು. ನಮ್ಮ ಮನೆಗಾದರೂ ಬಾ ಎಂದೆ, ಹೊಲದ ಕೆಲಸ ಬಿಟ್ಟು ಕಳಿಸಲು ಆಗುವುದಿಲ್ಲವಂತೆ. ನಿನ್ನೆ ಆಟೋದಲ್ಲಿ ಫಿಲ್ಟರ್ ನೀರಿನ ಕ್ಯಾನ್ ಒಯ್ದು ಕೊಟ್ಟೆ. ಅದನ್ನು ಬಂದವರಿಗೆ ಎಂದು ಮುಚ್ಚಿ ಇಟ್ಟಿದ್ದಾರೆ, ಅವಳು ಬಾವಿಯದನ್ನೇ ಕುಡಿಯುತ್ತಿದ್ದಾಳೆ. ನನಗೆ ಬಹಳ ಹೆದರಿಕೆಯಾಗಿದೆ. ಮೀನಿನ ಬಾಯಿ ಕಣ್ಣಿನ ಮುಂದೆ ಬಂದರೆ ತುತ್ತು ಇಳಿಯುವುದಿಲ್ಲ. ಅವಳ ಹೊಟ್ಟೆಯ ಕೂಸಿಗೆ ಏನಾದರೂ ಆದರೆ ಎಂದು ಯೋಚಿಸಿ, ಮತ್ತೆ ಯೋಚಿಸಬಾರದೆಂದು ಎದ್ದು ಪಾತ್ರೆ ತಿಕ್ಕುತ್ತೇನೆ. ಅತ್ತೆಗೆ ಮೀನು ಸತ್ತದ್ದು ಮಾತ್ರ ಗೊತ್ತು. ಕರೀಮಾ ಆಪಾ ಮುಖ ತಿರುಗಿಸಿಲ್ಲ, ಆದರೆ ಸದ್ಯಕ್ಕೆ ಗಿಡ ತರಬೇಡ ಎಂದಿದ್ದಾರೆ. ತರುವ ಮನಸ್ಸೂ ನನಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ, ನಿದ್ದೆ ಬಂದರೆ ಗಾಡಿ ಬದಿಗೆ ಹಾಕಿ ಮಲಗಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ನಾನು ಸಿಟ್ಟಿನಲ್ಲಿದ್ದೇನೆ, ಆದರೂ ನೀವು ಮನೆಯಲ್ಲಿ ಇರಬೇಕಿತ್ತು ಎಂದೇ ಅನಿಸುತ್ತದೆ.

ನಿಮ್ಮ
ವಿಶಾಖಾ

ತಾ.ಕ.: ಬಕ್ಕಪ್ಪ ಅಣ್ಣ ಹಾರ್ನ್ ಹೊಡೆಯುತ್ತಿದ್ದಾರೆ, ಬರೆಯದೆ ಬಿಟ್ಟದ್ದನ್ನು ಬರೆದೇ ಬಿಡುತ್ತೇನೆ. ಇಲ್ಲಿ ತೊಳೆಯಲು ನಿನಗೆ ಯಾರು ಹೇಳಿದರು ಎಂದು ಆ ಕ್ಲೀನರನನ್ನು ಕೇಳಿದೆ. ನಾನು ಯಾರ ಹೆಂಡತಿ ಎಂದು ಅವನಿಗೆ ಗೊತ್ತಿಲ್ಲ. "ರಾಜೀವಣ್ಣ ತೋರಿಸ್ಯಾನ ಅಕ್ಕಾ, ಹೋದ ವರ್ಷದಿಂದ ಅಂವ ಇಲ್ಲೇ ತೊಳಿತಾನ, ಇಲ್ಲಿ ಯಾರೂ ಕೇಳಂಗಿಲ್ಲ" ಎಂದ. ನೀವು ಅಲ್ಲಿ ಮುಖ ತೊಳೆಯಲು ಇಳಿದಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. "ಅಣ್ಣ ಹೇಳಿದ್ರ ಬಿಡತೀನಿ" ಎಂದು ಆಮ್ರಪಾಲಿ ಅಂದಿದ್ದಾಳೆ, ಈ ಕಾಗದ ಮಡಚುವ ಮೊದಲು ಅವಳಿಗೆ ಫೋನ್ ಮಾಡಿ. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ. ಆಗ ನಿಮ್ಮ ಹೆಸರನ್ನು ನೀವೇ ಹೇಳಿ. ನಾನು ಹೇಳಿದರೆ ವೈನಿ ಅಣ್ಣನ ಮೇಲೆ ಚಾಡಿ ಹೇಳುತ್ತಾಳೆ ಎಂದುಕೊಂಡು ಮತ್ತೆ ಅದೇ ಬಾವಿಗೆ ಕೊಡ ಇಳಿಸುತ್ತಾಳೆ.