ಏಳನೆಯ ನಿಯಮ

ಫೆಬ್ರವರಿ ೧೭, ಸೋಮವಾರ, ಪ್ರಾತಃಕಾಲ

ಅಂತರಂಗಕ್ಕೆ ಸಾಕ್ಷಿಯಾದ ಪರಮಾತ್ಮನಿಗೆ ನಮಿಸಿ ಲೇಖನಿ ಎತ್ತಿಕೊಂಡಿದ್ದೇನೆ.

ಆಸ್ಪತ್ರೆಯವರು ಒಪ್ಪಿಸಿದ ಅನುವಾದ ಇಂದಿಗೆ ಸಂಪೂರ್ಣ. ಕಡಲಾಚೆಯ ಆರೋಗ್ಯ ಸಂಸ್ಥೆ ರಚಿಸಿದ ರೋಗಿಗಳ ಹಕ್ಕುಗಳು. ಇವನ್ನು ಒಪ್ಪಿದ ಆಸ್ಪತ್ರೆಗೆ ಮಾತ್ರ ಆ ಸಂಸ್ಥೆಯ ಔಷಧ ನೆರವು. ಏಳನೆಯ ನಿಯಮದಲ್ಲಿ ಲೇಖನಿ ನಿಂತಿತು: ‘ವ್ಯಾಧಿಯ ನಿಜಸ್ಥಿತಿಯನ್ನು ರೋಗಿಗೇ ಏಕಾಂತದಲ್ಲಿ ತಿಳಿಸತಕ್ಕದ್ದು. ರೋಗಿಯ ಸಮ್ಮತಿಯಿಲ್ಲದೆ ಪತಿ, ಪತ್ನಿ, ಮಕ್ಕಳಾದಿಯಾಗಿ ಯಾರಿಗೂ ತಿಳಿಸಕೂಡದು.’

ಎಂಥ ನಿರ್ದಯತೆ. ಸಂಕಟದ ಸುದ್ದಿಯನ್ನು ಮನೆಯವರು ಮೊದಲು ತಮ್ಮ ಹೆಗಲಿಗೆ ಏರಿಸಿಕೊಳ್ಳುವುದು ನಮ್ಮ ನಡೆ. ಅಣ್ಣನ ಕಾಯಿಲೆಯನ್ನು ಅವನಿಂದಲೇ ಎಂಟು ತಿಂಗಳು ಮುಚ್ಚಿಟ್ಟೆ. ಏನೂ ಅರಿಯದೆ ನೆಮ್ಮದಿಯಿಂದ ಕಣ್ಣುಮುಚ್ಚಿದ. ಆದರೂ ಅನುವಾದದಲ್ಲಿ ಎಳ್ಳಷ್ಟೂ ಲೋಪವೆಸಗಲಿಲ್ಲ. ಆಸ್ಪತ್ರೆಯ ಗೋಡೆಯ ಬೋರ್ಡಿಗೆ ಬರೆಸುತ್ತಾರಂತೆ.

ಮಾರ್ಚ್ ೮, ಶನಿವಾರ

ಹೆಂಡತಿಯ ಎದೆಯ ಗಂಟಿನ ಚೂರನ್ನು ಪರೀಕ್ಷೆಗೆ ಕಳುಹಿಸಿ ಹದಿನೈದು ದಿನ. ರಿಪೋರ್ಟ್ ಬಂದಿಲ್ಲವೆನ್ನುತ್ತಾಳೆ. ಅವಳಿಗೆ ತಿಳಿಯದಂತೆ ಮಗಳೊಡನೆ ಫೋನಿನಲ್ಲಿ ನನ್ನ ಸಮಾಲೋಚನೆ.

‘ಅಪ್ಪಾ, ಕೆಟ್ಟದ್ದೇ ಬಂದ್ರೆ ಅಮ್ಮನಿಗೆ ಬರೀ ಕೊಬ್ಬಿನ ಗಡ್ಡೆ ಅಂತ ಹೇಳೋಣ. ನೀನು ಮುಖ ಸಪ್ಪಗೆ ಮಾಡ್ಕೊಂಡು ಕೂತು ಕೆಡಿಸಬೇಡ, ಅಷ್ಟೆ.’

ಸೋಮವಾರ ಡಾಕ್ಟರಮ್ಮನನ್ನು ಒಬ್ಬನೇ ಕಾಣುವುದೆಂದು ನಿಶ್ಚಯ.

ಮಾರ್ಚ್ ೧೦, ಸೋಮವಾರ, ಮಧ್ಯಾಹ್ನ

ನಡೆದದ್ದನ್ನು ನಡೆದಂತೆ ಬರೆಯುವೆ.

‘ರಿಪೋರ್ಟ್ ಬಂದಾಗ ನನಗೆ ಹೇಳಿ ತಾಯಿ, ಅವಳಿಗೆ ಬೇಡ’ ಎಂದೆ.

ಡಾಕ್ಟರಮ್ಮ ಕನ್ನಡಕ ತೆಗೆದರು. ‘ಬಂದು ಒಂಬತ್ತು ದಿನ ಆಯ್ತು ಮೇಷ್ಟ್ರೇ. ಅವರೇ ಬಂದು ತಗೊಂಡು ಹೋದ್ರು.’

‘ಏನಿದೆ ಅದರಲ್ಲಿ?’

‘ಹೇಳೋ ಹಾಗಿಲ್ಲ. ಯಾರಿಗೂ ಬೇಡ ಅಂತ ಸೈನ್ ಮಾಡಿದ್ದಾರೆ.’

‘ನಾನು ಗಂಡ ಕಣಮ್ಮಾ.’

ಆಕೆ ಗೋಡೆಯ ಬೋರ್ಡಿನತ್ತ ಕೈ ತೋರಿದರು. ‘ಗಂಡಂದಿರನ್ನೂ ಸೇರಿಸಿ ನೀವೇ ಬರೆದಿದ್ದೀರಲ್ಲ.’

ನನ್ನದೇ ವಾಕ್ಯ. ಬಿಗಿಯಾದದ್ದು. ನುಸುಳಲು ಸಂದಿಯಿಲ್ಲ.

ಒಂಬತ್ತು ದಿನ... ಅಷ್ಟೂ ದಿನ ನನ್ನ ಗೊರಕೆಯನ್ನು ಅಣಕಿಸಿ ನಗುತ್ತಿದ್ದಳು.

ಮನೆಗೆ ಬಂದು ಎದುರು ನಿಂತೆ. ಬಟಾಣಿ ಬಿಡಿಸುತ್ತಿದ್ದಳು. ಮುಖ ನೋಡಿಯೇ ತಿಳಿದುಕೊಂಡಳು.

‘ಗೊತ್ತಾಯ್ತಾ? ಕ್ಯಾನ್ಸರ್ ಅಂತೆ. ಗುರುವಾರ ಆಪರೇಷನ್. ಬುಧವಾರ ಹೇಳೋಣ ಅಂತಿದ್ದೆ.’

‘ಬುಧವಾರ?’

‘ಮೊದಲೇ ಹೇಳಿದ್ರೆ ನೀವು ಊಟ ಬಿಟ್ಟು ಕೂರ್ತೀರಿ. ಆಮೇಲೆ ನಿಮ್ಮನ್ನ ಸಂಭಾಳಿಸೋದೂ ನನ್ನ ಪಾಲಿಗೇ. ನಿಮ್ಮಣ್ಣನೂ ಹಾಗೇ ಅಂದಿದ್ರು.’

‘ಅಣ್ಣನಿಗೆ ತಿಳಿದೇ ಇರಲಿಲ್ಲ.’

‘ಎಲ್ಲಾ ಗೊತ್ತಿತ್ತು ರೀ. ಪಾಪ, ತಮ್ಮ ಅಷ್ಟು ಕಷ್ಟಪಟ್ಟು ನಾಟಕ ಆಡ್ತಿದ್ದಾನೆ, ಕೆಡಿಸೋದು ಬೇಡ ಅಂದ್ರು.’

ಅವಳೆದುರು ನೆಲದ ಮೇಲೆ ಕುಳಿತೆ. ಎಂಟು ತಿಂಗಳು ತನ್ನ ಸಾವನ್ನು ಒಬ್ಬನೇ ಹೊತ್ತವನು ಅವನು. ಭಾರ ನನ್ನದೆಂದು ಬೀಗಿದವನು ನಾನು.

ಇವಳು ಬಟಾಣಿಯ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು. ಬಿಡಿಸಿದೆ.

ಮಾರ್ಚ್ ೧೩, ಗುರುವಾರ, ಹನ್ನೊಂದೂವರೆ ಗಂಟೆ. ಆಸ್ಪತ್ರೆಯ ಬೆಂಚು

ಎಂಟಕ್ಕೆ ಒಳಗೆ ಕರೆದೊಯ್ದರು. ಹೋಗುವ ಮುನ್ನ ಕಾಗದದಲ್ಲಿ ನನ್ನ ಹೆಸರು ಬರೆಸಿದಳು. ‘ಇವರಿಗೆ ಹೇಳಬಹುದು. ಕೂರಿಸಿ ಹೇಳಿ.’

ಈಗಷ್ಟೇ ಡಾಕ್ಟರಮ್ಮ ಹೊರಬಂದರು. ಮುಖದಲ್ಲಿ ಏನನ್ನೂ ಓದಲಾಗಲಿಲ್ಲ.

‘ಆಪರೇಷನ್ ಮುಗೀತು. ಹರಡಿದೆಯಾ ಇಲ್ವಾ, ಹೇಗಿದೆ ಅಂತ ಹೇಳ್ಲಾ ಮೇಷ್ಟ್ರೇ?’

‘ಅವಳಿಗೆ ಎಚ್ಚರ ಆಗಲಿ. ಮೊದಲು ಅವಳಿಗೆ.’

ನಿಯಮಕ್ಕೆ ಮಣಿದೆನೋ, ಭಯಕ್ಕೋ... ಅರಿಯೆ.

ಆ ನಿಯಮವನ್ನು ರಚಿಸಿದ ಅಪರಿಚಿತರಿಗೆ ಮಂಗಳವಾಗಲಿ. ಡಾಕ್ಟರಮ್ಮನ ಕೈಗಳಿಗೆ, ಬಸ್ಸಿನಲ್ಲಿ ಬರುತ್ತಿರುವ ಮಗಳಿಗೆ, ನನ್ನನ್ನು ಸಹಿಸಿದ ಅಣ್ಣನ ಆತ್ಮಕ್ಕೆ ಮಂಗಳವಾಗಲಿ. ಕಣ್ಣು ತೆರೆಯಲಿರುವ ಅವಳಿಗೆ—